ಹೆರಿಗೆಯ ಬ್ಯಾಗ್: ಗಾಬರಿಯಲ್ಲೂ ಕೈಗೆ ಸಿಗುವ ಹಾಗೆ ಕಟ್ಟೋದು ಹೇಗೆ

ಹೆರಿಗೆಗೆ ಹೋಗುವಾಗ ಸಾಮಾನು ಕಡಿಮೆ ಬಿದ್ದು ಕಷ್ಟಪಟ್ಟವರನ್ನು ನಾನು ಅಷ್ಟಾಗಿ ನೋಡಿಲ್ಲ. ಬ್ಯಾಗ್ ತುಂಬಿ ತುಳುಕುತ್ತಿದ್ದರೂ ಬೇಕಾದ್ದು ಬೇಕಾದ ಹೊತ್ತಿಗೆ ಸಿಗದೆ ಒದ್ದಾಡಿದವರೇ ಜಾಸ್ತಿ.

ನನ್ನ ತಂಗಿಗೆ ಹೆರಿಗೆಯಾದಾಗ ಬೆಳಗಿನ ಜಾವ ಮೂರೂವರೆ. ಲೇಬರ್ ವಾರ್ಡಿನ ಬಾಗಿಲು ಅರ್ಧ ತೆರೆದು ಸಿಸ್ಟರ್ "ಮಗೂಗೆ ಬಟ್ಟೆ ಕೊಡಿ" ಅಂದರು. ತಂಗಿಯ ಗಂಡ ಏರ್‌ಬ್ಯಾಗಿನ ಜಿಪ್ ಎಳೆದ. ಮೇಲೆ ಮೂರು ನೈಟಿ. ಅದರ ಕೆಳಗೆ ಶಾಲು, ಎಣ್ಣೆ ಬಾಟಲಿ, ಬಿಸ್ಕತ್ ಪೊಟ್ಟಣ, ಚಾರ್ಜರಿನ ವೈರು. ಒಂದೊಂದೇ ತೆಗೆದು ಕಾರಿಡಾರಿನ ನೆಲದ ಮೇಲೆ ಇಡುತ್ತಾ ಹೋದ. "ಅಕ್ಕ, ಎಲ್ಲಿಟ್ಟಿದ್ದಾಳೆ ಗೊತ್ತಾ?" ಅಂತ ನನ್ನ ಮುಖ ನೋಡಿದ. ನನಗೂ ಗೊತ್ತಿರಲಿಲ್ಲ. ಸಿಸ್ಟರ್ ಎರಡನೇ ಸಲ ಬಂದು ಹೋದರು. ಮಗುವಿನ ಬಟ್ಟೆ ಇದ್ದದ್ದು ಕಟ್ಟಕಡೆಗೆ, ಬ್ಯಾಗಿನ ತಳದಲ್ಲಿ. ಅವಳು ಎಲ್ಲಕ್ಕಿಂತ ಮೊದಲು ಆಸೆಯಿಂದ ಇಟ್ಟದ್ದು ಅದೇ. ಅದಕ್ಕೇ ಅದು ತಳ ಸೇರಿತ್ತು.

ಬ್ಯಾಗ್ ಕಟ್ಟುವುದು ಬಸುರಿ. ತೆರೆಯುವುದು ಗಂಡನೋ ಅಮ್ಮನೋ ಅತ್ತೆಯೋ. ಅವರಿಗೆ ನಿದ್ದೆ ಇರುವುದಿಲ್ಲ, ಕೈ ನಡುಗುತ್ತಿರುತ್ತದೆ. ಈ ಬರಹದಲ್ಲಿರುವ ಪ್ರತಿ ಹಂತವೂ ಅವರಿಗೆ ಅನುಕೂಲವಾಗಲಿ ಅಂತ.

ಹಂತ 1: ಮೊದಲು ಆಸ್ಪತ್ರೆಯಲ್ಲಿ ಕೇಳಿ, ಆಮೇಲೆ ಅಂಗಡಿಗೆ ಹೋಗಿ

ಏಳೂವರೆ ತಿಂಗಳಿಗೆ, ಅಂದರೆ ಸುಮಾರು 32ನೇ ವಾರಕ್ಕೆ, ತಯಾರಿ ಶುರು ಮಾಡಿ. 36ನೇ ವಾರ ಮುಗಿಯುವ ಹೊತ್ತಿಗೆ ಬ್ಯಾಗ್ ಬಾಗಿಲ ಹತ್ತಿರ ಇರಬೇಕು. 37 ವಾರ ತುಂಬಿದ ಮೇಲೆ ನೋವು ಯಾವತ್ತು ಬೇಕಾದರೂ ಬರಬಹುದು. ಅವಳಿ ಮಕ್ಕಳಿದ್ದರೆ, ಬಿಪಿ ಜಾಸ್ತಿ ಇದ್ದರೆ, ಮಾಸು ಕೆಳಗಿದೆ ಅಂತ ಸ್ಕ್ಯಾನಿಂಗಿನಲ್ಲಿ ಹೇಳಿದ್ದರೆ, ಹಿಂದಿನ ಹೆರಿಗೆ ಮೊದಲೇ ಆಗಿದ್ದರೆ 32ನೇ ವಾರಕ್ಕೇ ಎಲ್ಲ ಮುಗಿಸಿಡಿ.

ಅಂಗಡಿಗೆ ಹೋಗುವ ಮೊದಲು, ಮುಂದಿನ ಸಲ ತೋರಿಸಿಕೊಳ್ಳಲು ಹೋದಾಗ ಅಲ್ಲಿನ ಸಿಸ್ಟರ್ ಹತ್ತಿರ ಕೇಳಿಕೊಂಡು ಬನ್ನಿ. ಗೌನು ಅವರೇ ಕೊಡ್ತಾರಾ? ಪ್ಯಾಡ್ ನಾವೇ ತರಬೇಕಾ? ಮಗುವನ್ನು ಸುತ್ತುವ ಬಟ್ಟೆ ನಮ್ಮದೇ ಆಗಬಹುದಾ? ಬಿಸಿನೀರು ಸಿಗುತ್ತಾ? ಜೊತೆಗೆ ಎಷ್ಟು ಜನ ಇರಬಹುದು, ಹೆಂಗಸರಿಗೆ ಮಾತ್ರ ಒಳಗೆ ಬಿಡ್ತಾರಾ? ರಾತ್ರಿ ಯಾವ ಗೇಟಿನಿಂದ ಒಳಗೆ ಹೋಗಬೇಕು?

ರಾತ್ರಿ ಗೇಟಿನ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಹಗಲು ತೆರೆದಿರುವ ಮುಂದಿನ ಬಾಗಿಲಿಗೆ ರಾತ್ರಿ ಬೀಗ ಇರುತ್ತದೆ. ನೋವು ತಿನ್ನುತ್ತಿರುವವಳನ್ನು ಕರೆದುಕೊಂಡು ಕಟ್ಟಡ ಸುತ್ತುವ ಪಾಡು ಬೇಡ.

ಸರ್ಕಾರಿ ಆಸ್ಪತ್ರೆಗೆ ಹೋಗುವವರಿಗೆ ಒಂದು ಮಾತು. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಹೆರಿಗೆ, ಸಿಜೇರಿಯನ್, ಔಷಧಿ, ರಕ್ತ, ಪರೀಕ್ಷೆ ಎಲ್ಲ ಉಚಿತ. ನಾರ್ಮಲ್ ಹೆರಿಗೆಯಾದರೆ 3 ದಿನ, ಸಿಜೇರಿಯನ್ ಆದರೆ 7 ದಿನದವರೆಗೆ ಬಾಣಂತಿಗೆ ಊಟವೂ ಉಂಟು. ಇದು ಗೊತ್ತಿದ್ದರೆ ಏನನ್ನು ಹೊತ್ತುಕೊಂಡು ಹೋಗಬೇಕು, ಏನು ಬೇಡ ಅನ್ನುವುದು ಅರ್ಧ ತೀರ್ಮಾನವಾಗುತ್ತದೆ. ಆದರೆ ಬಕೆಟ್, ಚೊಂಬು, ಹೊದಿಕೆ ನಿಮ್ಮದೇ ಇದ್ದರೆ ಒಳ್ಳೆಯದು.

ಹಂತ 2: ಕಾಗದದ ಫೈಲು

ಬಟ್ಟೆ ಮರೆತರೆ ಯಾರಾದರೂ ಹೋಗಿ ತರಬಹುದು. ಫೈಲು ಮರೆತರೆ ರಕ್ತದ ಗುಂಪಿನಿಂದ ಹಿಡಿದು ಎಲ್ಲ ಪರೀಕ್ಷೆ ಮತ್ತೆ ಮೊದಲಿಂದ ಶುರುವಾಗುತ್ತದೆ.

ಗುಂಡಿ ಇರುವ ಪ್ಲಾಸ್ಟಿಕ್ ಫೋಲ್ಡರ್ ಒಂದು ತಗೊಳ್ಳಿ. ಮಳೆಗಾಲದಲ್ಲಿ ಕಾಗದ ನೆನೆಯಬಾರದು. ಕಾಗದಗಳನ್ನು ಈ ಸಾಲಿನಲ್ಲಿ ಜೋಡಿಸಿ.

ಎಲ್ಲಕ್ಕಿಂತ ಮೇಲೆ ತಾಯಿ ಕಾರ್ಡ್, ಅಂದರೆ ಬಸುರಿಯ ತಪಾಸಣೆ, ಮಗುವಿನ ಲಸಿಕೆ ಬರೆಯುವ ಸರ್ಕಾರಿ ಕಾರ್ಡ್. ಖಾಸಗಿ ಆಸ್ಪತ್ರೆಗೆ ಹೋಗುವವರೂ ಇದನ್ನು ಬಿಡಬಾರದು. ಮಗು ಹುಟ್ಟಿದ ಕೂಡಲೇ ಕೊಡುವ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್-ಬಿ ಲಸಿಕೆಗಳನ್ನೂ ಅದರಲ್ಲೇ ಬರೆಸಬೇಕು.

ಅದರ ಕೆಳಗೆ ರಕ್ತದ ಗುಂಪಿನ ವರದಿ. ನಿಮ್ಮದು ನೆಗೆಟಿವ್ ಗುಂಪಾಗಿದ್ದರೆ ಫೈಲಿನ ಮೇಲೆಯೇ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆಯಿರಿ. ಮಗುವಿನದು ಪಾಸಿಟಿವ್ ಬಂದರೆ ಹೆರಿಗೆಯಾದ 72 ಗಂಟೆಯೊಳಗೆ ನಿಮಗೆ ಆಂಟಿ-ಡಿ ಇಂಜೆಕ್ಷನ್ ಆಗಬೇಕು. ಮಗು ಬಂದ ಸಂಭ್ರಮದಲ್ಲಿ ಜೊತೆಯವರಿಗೆ ಇದು ಮರೆಯುತ್ತದೆ. ಕಣ್ಣಿಗೆ ಬೀಳುವ ಹಾಗೆ ಬರೆದಿದ್ದರೆ ನೆನಪಾಗುತ್ತದೆ.

ಆಮೇಲೆ ಉಳಿದ ರಕ್ತ ಪರೀಕ್ಷೆಗಳು, ಸ್ಕ್ಯಾನಿಂಗ್ ವರದಿಗಳು, ಡಾಕ್ಟರು ಬರೆದ ಚೀಟಿಗಳು. ಹೊಸದು ಮೇಲೆ, ಹಳೆಯದು ಕೆಳಗೆ. ಥೈರಾಯ್ಡ್, ಶುಗರ್, ಬಿಪಿಗೆ ಮಾತ್ರೆ ತಗೊಳ್ಳುತ್ತಿದ್ದರೆ ಆ ಮಾತ್ರೆಗಳನ್ನೂ ಚೀಟಿಯ ಜೊತೆಗೇ ಇಡಿ. "ಗುಲಾಬಿ ಬಣ್ಣದ ಸಣ್ಣ ಮಾತ್ರೆ" ಅಂದರೆ ಯಾರಿಗೂ ಗೊತ್ತಾಗಲ್ಲ. ಯಾವುದಾದರೂ ಔಷಧಿ ಒಗ್ಗದೆ ಇದ್ದರೆ ಅದನ್ನೂ ಫೈಲಿನ ಮೇಲೆ ಬರೆಯಿರಿ.

ಕೊನೆಗೆ ಗುರುತಿನ ಕಾಗದಗಳು: ಇಬ್ಬರ ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ಅದು, ನಿಮ್ಮ ಹೆಸರಿನ ಬ್ಯಾಂಕ್ ಪಾಸ್‌ಬುಕ್. ಎಲ್ಲದರದ್ದೂ ಮೂರು ಮೂರು ಜೆರಾಕ್ಸ್. ಪಾಸ್‌ಬುಕ್ ಯಾಕೆ ಅಂತ ಕೇಳಬಹುದು. ಬಿಪಿಎಲ್ ಮತ್ತು ಪರಿಶಿಷ್ಟ ಜಾತಿ, ಪಂಗಡದ ತಾಯಂದಿರಿಗೆ ಜನನಿ ಸುರಕ್ಷಾ ಯೋಜನೆಯಲ್ಲಿ ಆಸ್ಪತ್ರೆ ಹೆರಿಗೆಗೆ ಹಳ್ಳಿಯವರಿಗೆ 700, ಪಟ್ಟಣದವರಿಗೆ 600 ರೂಪಾಯಿ ಬರುತ್ತದೆ. ಅದು ತಾಯಿಯ ಖಾತೆಗೇ ಬರುವುದು. ಗಂಡನ ಪಾಸ್‌ಬುಕ್ ತಂದು ವಾಪಸ್ ಹೋದವರನ್ನು ನೋಡಿದ್ದೇನೆ. ವಿಮೆ ಇದ್ದರೆ ಪಾಲಿಸಿ ಸಂಖ್ಯೆ, ಅದರ ಕಾರ್ಡು, ಪಾಲಿಸಿ ಯಾರ ಹೆಸರಲ್ಲಿದೆಯೋ ಅವರ ಗುರುತಿನ ಚೀಟಿ ಬೇಕು. ಹೆರಿಗೆ ಖರ್ಚಿಗೆ ಅದು ಅನ್ವಯಿಸುತ್ತಾ, ಕಾಯುವ ಅವಧಿ ಮುಗಿದಿದೆಯಾ ಅನ್ನುವುದನ್ನು ಎಂಟನೇ ತಿಂಗಳಲ್ಲೇ ವಿಚಾರಿಸಿ. ಹೆರಿಗೆ ದಿನ ವಿಚಾರಿಸಿ ಏನೂ ಪ್ರಯೋಜನವಿಲ್ಲ.

*ತವರಿಗೆ ಹೋಗುವವರು ಮಾಡುವ ತಪ್ಪು.* ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಲ್ಲಿ. ತಾಯಿ ಕಾರ್ಡ್ ಮಾಡಿಸಿದ್ದು ಗಂಡನ ಊರಿನಲ್ಲಿ, ಸ್ಕ್ಯಾನಿಂಗ್ ಆದದ್ದು ಅಲ್ಲಿಯೇ. ಸೀಮಂತ ಮುಗಿಸಿ ಹೊರಡುವಾಗ ಸೀರೆ, ಬಳೆ, ತಿಂಡಿ ಡಬ್ಬ ಎಲ್ಲ ಕಾರಿಗೆ ಹತ್ತುತ್ತವೆ, ಫೈಲು ಮಾತ್ರ ಬೀರುವಿನಲ್ಲೇ ಉಳಿಯುತ್ತದೆ. ಸೀಮಂತದ ಹಿಂದಿನ ರಾತ್ರಿಯೇ ಫೈಲನ್ನು ನಿಮ್ಮ ಕೈಚೀಲಕ್ಕೆ ಹಾಕಿ. ಗಂಡನ ಊರು ಬಿಡುವ ಮುಂಚೆ ಅಲ್ಲಿನ ಆಶಾ ಕಾರ್ಯಕರ್ತೆಗೆ ಯಾವ ಊರಿಗೆ ಹೋಗುತ್ತಿದ್ದೀರಿ ಅಂತ ಹೇಳಿ. ತವರು ತಲುಪಿದ ಮೇಲೆ ಅಲ್ಲಿನ ಆಶಾ ಅವರಿಗೂ ಕಾರ್ಡ್ ತೋರಿಸಿ.

ಫೈಲಿನ ಎಲ್ಲ ಕಾಗದದ ಫೋಟೊ ತೆಗೆದು ಗಂಡನ ಮೊಬೈಲಿಗೂ ಅಮ್ಮನ ಮೊಬೈಲಿಗೂ ಕಳಿಸಿಡಿ. ಐದು ನಿಮಿಷದ ಕೆಲಸ.

ಹಂತ 3: ಲೇಬರ್ ವಾರ್ಡಿನ ಚೀಲ

ಇದು ಸಣ್ಣದು. ಒಂದು ಬಟ್ಟೆ ಚೀಲ ಅಥವಾ ವೈರ್ ಬ್ಯಾಗ್ ಸಾಕು. ಆಸ್ಪತ್ರೆಗೆ ಕಾಲಿಟ್ಟ ಹೊತ್ತಿನಿಂದ ಮಗು ಕೈಗೆ ಬರುವವರೆಗೆ ಬೇಕಾಗುವುದಷ್ಟೇ ಇದರಲ್ಲಿರಬೇಕು.

- ಮುಂದೆ ತೆರೆಯುವ ಹತ್ತಿ ನೈಟಿ 1. ಗೌನು ಅವರು ಕೊಟ್ಟರೆ ಇದನ್ನು ಆಮೇಲೆ ಹಾಕಿಕೊಳ್ಳಬಹುದು.
- ದೊಡ್ಡ ಅಳತೆಯ ಪ್ಯಾಡ್ ಒಂದು ಪೊಟ್ಟಣ, ಒಳಚಡ್ಡಿ 2.
- ಜಾರದ ರಬ್ಬರ್ ಚಪ್ಪಲಿ.
- ಕೂದಲು ಕಟ್ಟಲು ಬಟ್ಟೆಯ ಬ್ಯಾಂಡು. ಲೋಹದ ಕ್ಲಿಪ್ಪು, ಪಿನ್ನು ಬೇಡ.
- ನೀರಿನ ಬಾಟಲಿ. ಮಲಗಿಕೊಂಡೇ ಕುಡಿಯಲು ಸ್ಟ್ರಾ ಒಂದು ಇರಲಿ.
- ಸಣ್ಣ ಟವೆಲ್ 1.

ಸ್ಟ್ರಾ ಅಂದರೆ ಸಣ್ಣ ವಿಷಯ ಅನಿಸಬಹುದು. ಸಿಜೇರಿಯನ್ ಆದವಳಿಗೆ ಮೊದಲ ಸಲ ನೀರು ಕುಡಿಯಲು ಹೇಳಿದಾಗ ತಲೆ ಎತ್ತುವುದೇ ಕಷ್ಟ. ಲೋಟದಲ್ಲಿ ಕುಡಿಸಿದರೆ ಅರ್ಧ ನೀರು ಕುತ್ತಿಗೆಗೆ ಹೋಗುತ್ತದೆ. ನನಗೆ ಸಿಜೇರಿಯನ್ ಆದ ದಿನ ಪಕ್ಕದ ಹಾಸಿಗೆಯವರ ತಾಯಿ ಒಂದು ಸ್ಟ್ರಾ ಕೊಟ್ಟರು. ಆ ಎರಡು ಗುಟುಕು ನೀರಿನ ಸಮಾಧಾನ ಇನ್ನೂ ನೆನಪಿದೆ.

*ಎಚ್ಚರ:* ಹೊರಡುವ ಮುಂಚೆ "ಒಂದು ತುತ್ತು ತಿಂದು ಹೋಗಮ್ಮ" ಅಂತ ಮನೆಯವರು ಊಟ ಹಾಕುತ್ತಾರೆ. ಪ್ರೀತಿಯ ಮಾತೇ. ಆದರೆ ಸಿಜೇರಿಯನ್‌ಗೆ ದಿನ ಗೊತ್ತಾಗಿದ್ದರೆ ಎಷ್ಟು ಗಂಟೆ ಮೊದಲು ಊಟ, ನೀರು ನಿಲ್ಲಿಸಬೇಕು ಅಂತ ಡಾಕ್ಟರು ಹೇಳಿರುತ್ತಾರೆ, ಅದನ್ನು ಮೀರಬೇಡಿ. ನೋವು ಬಂದು ಹೋಗುವವರು ಆಸ್ಪತ್ರೆಗೆ ಫೋನ್ ಮಾಡಿ ಕೇಳಿಯೇ ತಿನ್ನಿ.

ಹಂತ 4: ಮಗುವಿನ ಚೀಲ

ಇದನ್ನು ಬೇರೆ ಯಾವುದರ ಜೊತೆಗೂ ಸೇರಿಸಬೇಡಿ. ಬೇರೆ ಬಣ್ಣದ ಪುಟ್ಟ ಚೀಲ. "ಹಳದಿ ಚೀಲ ಕೊಡಿ" ಅಂದರೆ ಯಾರಿಗಾದರೂ ತಿಳಿಯಬೇಕು.

ಮೊದಲಿಗೆ ಸುತ್ತುವ ಬಟ್ಟೆ. ಅಂಗಡಿಯ ದಪ್ಪ ಉಣ್ಣೆ ಹೊದಿಕೆಗಿಂತ ಮನೆಯ ಹಳೇ ಪಂಚೆಯೇ ಮೇಲು. ಎಷ್ಟೋ ಸಲ ಒಗೆದು ಮೆತ್ತಗಾಗಿರುತ್ತದೆ, ಒದ್ದೆ ಹೀರುತ್ತದೆ. ಎಂಟು ಮೊಳದ ಪಂಚೆಯಿಂದ ಚೌಕಾಕಾರದ ಮೂರು ತುಂಡು ಬರುತ್ತದೆ. ಜರಿ ಅಂಚನ್ನು ಪೂರ್ತಿ ಕತ್ತರಿಸಿ ತೆಗೆಯಿರಿ, ಅದು ಮಗುವಿನ ಕೆನ್ನೆಗೆ ಒರಟು. ಕತ್ತರಿಸಿದ ಅಂಚನ್ನು ಸಣ್ಣಗೆ ಮಡಿಚಿ ಹೊಲಿಯಿರಿ. ಬಿಟ್ಟರೆ ನೂಲು ಬಿಚ್ಚಿ ಬರುತ್ತದೆ, ಆ ನೂಲು ಮಗುವಿನ ಬೆರಳಿಗೆ ಸುತ್ತಿಕೊಂಡರೆ ಕಷ್ಟ. ಹಳೇ ಹತ್ತಿ ಸೀರೆಯೂ ಆಗುತ್ತದೆ. ಒಟ್ಟು 6ರಿಂದ 8 ತುಂಡು ಇರಲಿ.

ಎಲ್ಲ ಬಟ್ಟೆಯನ್ನೂ ಕಡಿಮೆ ಸೋಪು ಹಾಕಿ ಒಗೆದು, ಎರಡು ಸಲ ಜಾಲಿಸಿ, ಒಳ್ಳೆ ಬಿಸಿಲಲ್ಲಿ ಒಣಗಿಸಿ, ಇಸ್ತ್ರಿ ಮಾಡಿ, ಸ್ವಚ್ಛ ಕವರಿನಲ್ಲಿ ಬಾಯಿ ಮುಚ್ಚಿ ಇಡಿ. ಹೊಸ ಬಟ್ಟೆಯೂ ಅಷ್ಟೇ, ಒಗೆಯದೆ ಹಾಕಬೇಡಿ.

*ದೊಡ್ಡ ಎಚ್ಚರ: ನುಸಿಗುಳಿಗೆ.* ದೊಡ್ಡ ಮಗುವಿನ ಬಟ್ಟೆಯನ್ನೋ ಅಜ್ಜಿ ಕಾಪಾಡಿಕೊಂಡ ಕುಲಾವಿಯನ್ನೋ ಟ್ರಂಕಿನಿಂದ ತೆಗೆದು ನೇರ ಬ್ಯಾಗಿಗೆ ಹಾಕುವ ಅಭ್ಯಾಸ ಇದೆ. ಟ್ರಂಕಿನಲ್ಲಿ ನುಸಿಗುಳಿಗೆ ಇರುತ್ತದೆ. ನಾಫ್ತಲೀನ್ ಇರುವ ಆ ಗುಳಿಗೆಯ ವಾಸನೆ ಹೀರಿದ ಬಟ್ಟೆ ಎಳೆಗೂಸಿಗೆ ಅಪಾಯ. ಜಿ6ಪಿಡಿ ಅನ್ನುವ ಕಿಣ್ವ ಕಡಿಮೆ ಇರುವ ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆದು ಕಾಮಾಲೆಯನ್ನು ಜೋರು ಮಾಡುತ್ತದೆ. ಹುಟ್ಟುವ ಮುಂಚೆ ಯಾವ ಮಗುವಿಗೆ ಈ ಕೊರತೆ ಇದೆ ಅಂತ ಹೇಗೆ ಗೊತ್ತಾಗುತ್ತೆ? ಅದಕ್ಕೇ ನುಸಿಗುಳಿಗೆ ಜೊತೆಗಿದ್ದ ಬಟ್ಟೆಯನ್ನು ಆಸ್ಪತ್ರೆಗೆ ತರಲೇಬೇಡಿ. ಅಜ್ಜಿಗೆ ಬೇಜಾರಾದರೆ ಕಾರಣ ಬಿಡಿಸಿ ಹೇಳಿ, ಅವರೇ ತೆಗೆದಿಡುತ್ತಾರೆ.

ಉಳಿದದ್ದು ಹೀಗೆ:

- ಕಸೆ ಕಟ್ಟುವ ಜಬಲಾ 5 ಅಥವಾ 6. ತಲೆಯ ಮೇಲಿಂದ ತೂರಿಸುವಂಥದ್ದು ಬೇಡ. ಗುಂಡಿ, ಹುಕ್ಕು, ಪಿನ್ನು ಯಾವುದೂ ಬೇಡ.
- ಹತ್ತಿಯ ಲಂಗೋಟಿ 12ರಿಂದ 15. ಡೈಪರ್ ಹಾಕುವುದಾದರೆ ಈಗತಾನೇ ಹುಟ್ಟಿದ ಮಕ್ಕಳ ಅಳತೆಯದ್ದೇ ಒಂದು ಸಣ್ಣ ಪೊಟ್ಟಣ. ದೊಡ್ಡ ಪೊಟ್ಟಣ ಅಗ್ಗ ಅಂತ ತರಬೇಡಿ, ಮಗುವಿನ ತೂಕ ನೋಡಿದ ಮೇಲೆ ತಂದರಾಯಿತು.
- ಕುಲಾವಿ 2, ಕಾಲುಚೀಲ 2 ಜೊತೆ.
- ಒರೆಸಲು ಮೆತ್ತನೆ ಹತ್ತಿ ಬಟ್ಟೆಯ ಸಣ್ಣ ತುಂಡುಗಳು 10.
- ಹಾಸಿಗೆ ಮೇಲೆ ಹಾಸಲು ಸಣ್ಣ ರಬ್ಬರ್ ಶೀಟ್ 1.

ಈ ಚೀಲದ ಒಳಗೆ ಇನ್ನೊಂದು ಚಿಕ್ಕ ಪೊಟ್ಟಣ ಕಟ್ಟಿ: ಸುತ್ತುವ ಬಟ್ಟೆ 2, ಜಬಲಾ 1, ಲಂಗೋಟಿ 2, ಕುಲಾವಿ 1. ಅದರ ಮೇಲೆ ದಪ್ಪ ಅಕ್ಷರದಲ್ಲಿ "ಮೊದಲು ಇದು" ಅಂತ ಬರೆದು ಎಲ್ಲದಕ್ಕಿಂತ ಮೇಲೆ ಇಡಿ. ಸಿಸ್ಟರ್ ಬಾಗಿಲು ತೆರೆದು ಕೇಳಿದಾಗ ಆ ಪೊಟ್ಟಣ ಕೈಗೆ ಕೊಟ್ಟರೆ ಆಯಿತು, ಹುಡುಕುವ ಮಾತೇ ಇಲ್ಲ. ತಂಗಿಯ ಹೆರಿಗೆಯ ಆಮೇಲೆ ನಮ್ಮ ಮನೆಯಲ್ಲಿ ಆದ ಎರಡೂ ಹೆರಿಗೆಗೆ ಹೀಗೇ ಮಾಡಿದೆವು. ಹತ್ತು ಸೆಕೆಂಡಿನ ಕೆಲಸವಾಯಿತು.

ಇನ್ನು ಬೇಡದ್ದು. ಸೋಪು, ಪೌಡರ್, ಕಾಡಿಗೆ ಬೇಡ. ಮೊದಲ ಸ್ನಾನ ಕಡೇಪಕ್ಷ 24 ಗಂಟೆ ಕಳೆದ ಮೇಲೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಮೈಮೇಲಿನ ಬೆಣ್ಣೆಯಂಥ ಬಿಳಿ ಪದರ ಮಗುವಿನ ಚರ್ಮವನ್ನು ಕಾಯುತ್ತದೆ, ಅದನ್ನು ಉಜ್ಜಿ ತೆಗೆಯಬಾರದು. ಜೇನುತುಪ್ಪ, ಸಕ್ಕರೆ ನೀರು, ಹರಳೆಣ್ಣೆ ಇದ್ಯಾವುದನ್ನೂ ಬ್ಯಾಗಿಗೆ ಹಾಕಲು ಬಿಡಬೇಡಿ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಟ್ಟರೆ ಬಾಟ್ಯುಲಿಸಂ ಅನ್ನುವ ಕೆಟ್ಟ ಕಾಯಿಲೆ ಬರುವ ಭಯವಿದೆ. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು, ಆ ಹಳದಿ ಗಿಣ್ಣುಹಾಲು, ಅಷ್ಟೇ ಬೇಕಾದ್ದು.

ಹಾಲಿನ ಬಾಟಲಿ, ಪುಡಿ ಡಬ್ಬ ಕೂಡ ಬೇಡ. "ಹಾಲು ಬರದಿದ್ರೆ?" ಅನ್ನುವ ಹೆದರಿಕೆಗೆ ತರುತ್ತಾರೆ. ಕೈಗೆ ಸಿಗುವಂತೆ ಇದ್ದರೆ ಮೊದಲ ಅಳುವಿಗೇ ಅದನ್ನು ಕೊಟ್ಟುಬಿಡುತ್ತಾರೆ. ನಿಜವಾಗಿ ಬೇಕಾದರೆ ಡಾಕ್ಟರು ಹೇಳುತ್ತಾರೆ, ಆಗಲೂ ಒಳಲೆಯಲ್ಲೋ ಚಮಚದಲ್ಲೋ ಕುಡಿಸಬಹುದು. ಕುದಿಸಬಹುದಾದ ಸಣ್ಣ ಸ್ಟೀಲ್ ಬಟ್ಟಲು, ಚಮಚ ಇದ್ದರೆ ಸಾಕು.

ಹಂತ 5: ವಾರ್ಡಿನ ಬ್ಯಾಗ್

ದೊಡ್ಡ ಬ್ಯಾಗ್ ಇದು. ಲೇಬರ್ ವಾರ್ಡಿಗೆ ಹೋಗುವಾಗ ಇದನ್ನು ಬಿಚ್ಚುವ ಅಗತ್ಯವೇ ಇಲ್ಲ. ನಾರ್ಮಲ್ ಆದರೆ ಎರಡು ದಿನ, ಸಿಜೇರಿಯನ್ ಆದರೆ ಮೂರರಿಂದ ಐದು ದಿನ ಅಂತ ಲೆಕ್ಕ ಇಟ್ಟುಕೊಳ್ಳಿ. ನಾಲ್ಕು ದಿನಕ್ಕೆ ಸಾಕಾಗುವಷ್ಟು ತನ್ನಿ. ಮಿಕ್ಕದ್ದನ್ನು ಮನೆಯಲ್ಲಿ ಒಂದು ಕಡೆ ಜೋಡಿಸಿಟ್ಟು ಯಾರಿಗಾದರೂ ತೋರಿಸಿ ಬನ್ನಿ.

ಮುಂದೆ ಜಿಪ್ ಇರುವ ಅಥವಾ ಗುಂಡಿ ಇರುವ ನೈಟಿ 4, ಬಣ್ಣ ಗಾಢ ಇದ್ದರೆ ಕಲೆ ಕಾಣಿಸುವುದಿಲ್ಲ. ಹಾಲೂಡಿಸಲು ಅನುಕೂಲವಾದ ಬ್ರಾ 3. ಒಳಚಡ್ಡಿ 6, ಈಗಿನ ಅಳತೆಗಿಂತ ಒಂದು ಸೈಜು ದೊಡ್ಡದು. ಹೊಟ್ಟೆಯ ಮೇಲಿನವರೆಗೆ ಬರುವಂಥದ್ದು ಇರಲಿ, ಇಲ್ಲದಿದ್ದರೆ ಎಲಾಸ್ಟಿಕ್ ಸಿಜೇರಿಯನ್ ಹೊಲಿಗೆಯ ಮೇಲೆಯೇ ಕೂರುತ್ತದೆ. ಲಂಗದ ಲಾಡಿಗೂ ಇದೇ ತೊಂದರೆ.

ಪ್ಯಾಡ್ ಇನ್ನೂ ಎರಡು ಪೊಟ್ಟಣ. ಹಳೇ ಬಟ್ಟೆ ಸಾಕು ಅನ್ನುವವರಿದ್ದಾರೆ. ಮೊದಲ ಎರಡು ದಿನವಾದರೂ ಪ್ಯಾಡ್ ಇರಲಿ ಅಂತ ನಾನು ಹೇಳುವುದು. ಎಷ್ಟು ರಕ್ತ ಹೋಗುತ್ತಿದೆ ಅಂತ ಅದರಲ್ಲಿ ಲೆಕ್ಕ ಸಿಗುತ್ತದೆ. ಒಂದು ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆದರೆ, ದೊಡ್ಡ ಗಡ್ಡೆಗಳು ಹೋದರೆ, ತಲೆ ಸುತ್ತಿ ಬಂದರೆ ಸುಮ್ನೆ ಮಲಗಬೇಡಿ, ಸಿಸ್ಟರನ್ನು ಕರೆಯಿರಿ. ರಾತ್ರಿ ಎರಡು ಗಂಟೆ ಆದರೂ ಕರೆಯಿರಿ.

ತಲೆಗೆ, ಕಿವಿಗೆ ಕಟ್ಟಲು ಸ್ಕಾರ್ಫ್, ಕಿವಿಗೆ ಹತ್ತಿ. ಬಾಣಂತಿಗೆ ಗಾಳಿ ತಾಗಬಾರದು ಅಂತ ಅಮ್ಮಂದಿರು ಕೇಳಿಯೇ ಕೇಳುತ್ತಾರೆ, ಅದರಿಂದ ಕೆಡುವುದೇನಿಲ್ಲ. ಹೊಟ್ಟೆ ಕಟ್ಟುವ ಬಟ್ಟೆಯನ್ನು ಮಾತ್ರ ಡಾಕ್ಟರನ್ನು ಕೇಳದೆ ಕಟ್ಟಬೇಡಿ, ಅದೂ ಸಿಜೇರಿಯನ್ ಆಗಿದ್ದರೆ. ಬ್ರಷ್ಷು, ಪೇಸ್ಟು, ಸೋಪು, ಬಾಚಣಿಗೆ, ತುಟಿಗೆ ಹಚ್ಚಲು ವ್ಯಾಸಲಿನ್, ಟವೆಲ್ 2, ಹೊದಿಕೆ 1, ಬೆಡ್‌ಶೀಟ್ 2. ಕೊಳೆ ಬಟ್ಟೆ ಹಾಕಲು ಖಾಲಿ ಕವರ್ 3. ಮಗುವಿನ ಬಟ್ಟೆ ಒಣಗಿಸಲು ಸಣ್ಣ ಹಗ್ಗ, ನಾಲ್ಕು ಕ್ಲಿಪ್ಪು. ಫ್ಲಾಸ್ಕು, ಸ್ಟೀಲ್ ತಟ್ಟೆ, ಲೋಟ, ಚಮಚ.

ಮನೆಗೆ ಹೋಗುವ ದಿನಕ್ಕೆ ನಿಮ್ಮದೊಂದು ಜೊತೆ, ಮಗುವಿನದೊಂದು ಜೊತೆ ಬಟ್ಟೆ ಬ್ಯಾಗಿನ ತಳದಲ್ಲಿರಲಿ. ನಿಮ್ಮದು ಏಳನೇ ತಿಂಗಳಲ್ಲಿ ಹಾಕುತ್ತಿದ್ದ ಅಳತೆಯದ್ದು. ಹೊಟ್ಟೆ ಒಂದೇ ದಿನಕ್ಕೆ ಇಳಿಯುವುದಿಲ್ಲ.

ಹಂತ 6: ಜೊತೆಯವರ ಚೀಲ

ಅಮ್ಮನೋ ಅತ್ತೆಯೋ ನಾಲ್ಕು ದಿನ ನೆಲದ ಮೇಲೆ ಮಲಗುತ್ತಾರೆ. ಅವರಿಗೊಂದು ಚಾಪೆ, ಹೊದಿಕೆ, ಎರಡು ಜೊತೆ ಬಟ್ಟೆ, ಅವರ ಬಿಪಿ ಶುಗರ್ ಮಾತ್ರೆ. ಈ ಮಾತ್ರೆ ಮರೆತು ಬಂದು, ಮಗಳ ಹೆರಿಗೆಯ ಮರುದಿನ ತಾಯಿಯೇ ತಲೆಸುತ್ತಿ ಕೂತದ್ದುಂಟು. ಉದ್ದ ವೈರಿನ ಚಾರ್ಜರ್, ಪವರ್ ಬ್ಯಾಂಕ್, ಒಂದು ಪೆನ್ನು, ಸಣ್ಣ ನೋಟ್‌ಬುಕ್.

ದುಡ್ಡು: ಮೊಬೈಲಿನಲ್ಲಿದೆ ಅಂತ ಬರಿಗೈಲಿ ಹೋಗಬೇಡಿ. ಐನೂರರ ನೋಟು ಸ್ವಲ್ಪ, ಹತ್ತು ಇಪ್ಪತ್ತರ ಚಿಲ್ಲರೆ ಸ್ವಲ್ಪ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಫೋನ್ ನಂಬರುಗಳನ್ನು ಕೈಯಲ್ಲಿ ಬರೆಯಿರಿ: ಡಾಕ್ಟರು, ಆಸ್ಪತ್ರೆಯ ಲೇಬರ್ ವಾರ್ಡ್, ಆಶಾ ಕಾರ್ಯಕರ್ತೆ, ರಾತ್ರಿ ಕರೆದರೂ ಬರುವ ಇಬ್ಬರು ಗಾಡಿಯವರು, ನಿಮ್ಮ ಗುಂಪಿನ ರಕ್ತ ಕೊಡಬಲ್ಲ ಇಬ್ಬರು, ಮತ್ತೆ 108. ಮೊಬೈಲ್ ಚಾರ್ಜ್ ಮುಗಿದಾಗ ಈ ಪುಟ ಒಂದೇ ಗತಿ.

ಹಂತ 7: ಚಿನ್ನ, ಬಳೆ, ಬಣ್ಣ

ಚಿನ್ನ ಎಲ್ಲ ಮನೆಯಲ್ಲೇ ಬಿಟ್ಟು ಹೋಗಿ. ಓಟಿಗೆ, ಅಂದರೆ ಆಪರೇಷನ್ ಕೋಣೆಗೆ, ಕರೆದುಕೊಂಡು ಹೋಗುವ ಮುಂಚೆ ಎಲ್ಲ ಬಿಚ್ಚಿಸುತ್ತಾರೆ. ಬಿಚ್ಚಿದ್ದನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿ ಯಾರದೋ ಕೈಗೆ ಕೊಟ್ಟು, ಆಮೇಲೆ ಯಾರ ಕೈಗೆ ಅಂತ ನೆನಪಾಗದೆ ಅಳುವ ಪಾಡು ಬೇಡ. ತಾಳಿ ಬಿಚ್ಚಲು ಮನಸ್ಸು ಒಪ್ಪದಿದ್ದರೆ ಒಂಬತ್ತನೇ ತಿಂಗಳಲ್ಲೇ ಅರಿಶಿನ ದಾರಕ್ಕೆ ಕೊಂಬು ಕಟ್ಟಿಕೊಳ್ಳಿ.

ಸೀಮಂತದ ಹಸಿರು ಬಳೆಯ ಮಾತು ಸೂಕ್ಷ್ಮ. ಹೆರಿಗೆವರೆಗೂ ತೆಗೆಯಬಾರದು ಅನ್ನುವ ನಂಬಿಕೆ ಇದೆ. ಆದರೆ ಕೈಗೆ ಡ್ರಿಪ್ ಹಾಕಬೇಕು, ಬಿಪಿ ನೋಡಬೇಕು. ಕೈ ಊದಿಕೊಂಡಿದ್ದರೆ ಬಳೆ ಇಳಿಯದು, ಅವಸರದಲ್ಲಿ ಒಡೆದರೆ ಗಾಜು ಚುಚ್ಚುತ್ತದೆ. ಮನೆಯಿಂದ ಹೊರಡುವ ಮುಂಚೆ ಅಮ್ಮನೇ ಸೋಪು ನೀರು ಹಚ್ಚಿ ನಿಧಾನಕ್ಕೆ ತೆಗೆದು, ದೇವರ ಮುಂದೆ ಇಟ್ಟರೆ ಮಗಳಿಗೂ ಸಮಾಧಾನ, ತಾಯಿಗೂ ಸಮಾಧಾನ. ಉಗುರಿನ ಬಣ್ಣವನ್ನೂ ತೆಗೆಯಿರಿ. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಯಂತ್ರ ಬಣ್ಣದ ಉಗುರಿನಲ್ಲಿ ಸರಿಯಾಗಿ ಓದದೆ ಹೋಗಬಹುದು.

ಹಂತ 8: ಒಂದು ಸಲ ತಾಲೀಮು

ಇದನ್ನು ಬಿಟ್ಟರೆ ಇಲ್ಲಿಯವರೆಗೆ ಮಾಡಿದ್ದು ಅರ್ಧ ವ್ಯರ್ಥ. ಬ್ಯಾಗ್ ಕಟ್ಟಿ ಮುಗಿದ ಸಂಜೆ, ಆಸ್ಪತ್ರೆಗೆ ಜೊತೆ ಬರುವವರನ್ನು ಕೂರಿಸಿ. ನೀವು ಪಕ್ಕದ ಕೋಣೆಗೆ ಹೋಗಿ ಅಲ್ಲಿಂದಲೇ ಕೇಳಿ: "ತಾಯಿ ಕಾರ್ಡ್ ಕೊಡಿ." "ಮಗುವಿಗೆ ಬಟ್ಟೆ ಕೊಡಿ." "ಒಂದು ಪ್ಯಾಡ್ ಕೊಡಿ." "ಸ್ಟ್ರಾ ಎಲ್ಲಿ?" ಅವರಾಗಿ ಹುಡುಕಿ ತೆಗೆಯಲಿ, ನೀವು ಹೇಳಿಕೊಡಬೇಡಿ. ಯಾವುದು ಅರ್ಧ ನಿಮಿಷದಲ್ಲಿ ಸಿಗಲಿಲ್ಲವೋ ಅದರ ಜಾಗ ಬದಲಾಯಿಸಿ. ಎಲ್ಲಿಡಬೇಕು ಅಂತ ಅವರನ್ನೇ ಕೇಳಿ, ಅವರು ಹೇಳಿದ ಜಾಗದಲ್ಲೇ ಇಡಿ.

ಚೀಲಗಳ ಮೇಲೆ ಕನ್ನಡದಲ್ಲಿ ಚೀಟಿ ಅಂಟಿಸಿ: "ಫೈಲು", "ಲೇಬರ್ ವಾರ್ಡ್", "ಮಗು", "ವಾರ್ಡ್". ಕೊನೇ ಗಳಿಗೆಯಲ್ಲಿ ಹಾಕಬೇಕಾದ್ದು ಕೆಲವು ಇರುತ್ತವೆ, ಮೊಬೈಲ್, ಕನ್ನಡಕ, ದಿನದ ಮಾತ್ರೆ, ಮನೆ ಬೀಗ. ಅವುಗಳ ಪಟ್ಟಿಯನ್ನು ಬಾಗಿಲ ಹಿಂದೆ ಅಂಟಿಸಿ.

ಹಂತ 9: ಯಾವಾಗ ಹೊರಡಬೇಕು

ಬ್ಯಾಗ್ ಸರಿ ಇದೆಯಾ ಅಂತ ನೋಡುತ್ತಾ ಕೂರುವ ಹೊತ್ತಲ್ಲ ಇದು. ಈ ಕೆಳಗಿನದು ಯಾವುದು ಕಂಡರೂ ಬ್ಯಾಗ್ ಅರ್ಧ ಕಟ್ಟಿದ್ದರೂ ಫೈಲು ಒಂದನ್ನೇ ಹಿಡಿದು ಹೊರಡಿ.

- ಕೆಂಪು ರಕ್ತ ಹೋಗುತ್ತಿದ್ದರೆ.
- ನೀರು ಒಡೆದು ಹೋದರೆ. ನೋವು ಇಲ್ಲದಿದ್ದರೂ ಹೊರಡಬೇಕು. ಒಂದು ಪ್ಯಾಡ್ ಇಟ್ಟುಕೊಳ್ಳಿ, ಗಂಟೆ ಎಷ್ಟು ಅಂತ ಬರೆದಿಡಿ, ನೀರಿನ ಬಣ್ಣ ನೋಡಿ. ಹಸಿರು ಅಥವಾ ಕಂದು ಇದ್ದರೆ ಮಗು ಒಳಗೇ ಮಲ ಮಾಡಿರಬಹುದು, ತಡ ಮಾಡಬೇಡಿ.
- ಮಗುವಿನ ಮಿಸುಕಾಟ ಕಡಿಮೆಯಾದರೆ ಅಥವಾ ನಿಂತರೆ.
- ಜೋರು ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದಿಕೊಳ್ಳುವುದು, ಎದೆಯ ಕೆಳಗೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು. ಇದು ಬಿಪಿ ಏರಿದ ಲಕ್ಷಣ. ಫಿಟ್ಸ್ ಬಂದರಂತೂ ಒಂದು ಕ್ಷಣವೂ ಕಾಯುವಂತಿಲ್ಲ.
- ಜ್ವರ, ಚಳಿ.
- 37 ವಾರ ತುಂಬುವ ಮೊದಲೇ ಬಿಟ್ಟು ಬಿಟ್ಟು ನೋವು ಬಂದರೆ.

ತಿಂಗಳು ತುಂಬಿದವರಿಗೆ ಸಾಮಾನ್ಯ ಲೆಕ್ಕ ಹೀಗೆ: ಐದು ನಿಮಿಷಕ್ಕೊಮ್ಮೆ ನೋವು, ಪ್ರತಿ ಸಲ ಒಂದು ನಿಮಿಷ, ಹೀಗೆ ಒಂದು ಗಂಟೆ. ಎರಡನೇ ಹೆರಿಗೆಯವರು, ಹಿಂದೆ ಸಿಜೇರಿಯನ್ ಆದವರು, ಆಸ್ಪತ್ರೆ ದೂರ ಇರುವವರು ಅಷ್ಟು ಕಾಯಬೇಡಿ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ, ಅದು ಉಚಿತ. ಊರು, ಬೀದಿ, ಹತ್ತಿರದ ದೇವಸ್ಥಾನವೋ ಶಾಲೆಯೋ ಹೇಳಿ, ಒಬ್ಬರು ಟಾರ್ಚ್ ಹಿಡಿದು ರಸ್ತೆಗೆ ಬಂದು ನಿಲ್ಲಲಿ.

ಹಂತ 10: ಮನೆಗೆ ಹೊರಡುವ ದಿನ

ಬಟ್ಟೆ ಬರೆಯನ್ನು ಯಾರಾದರೂ ತುಂಬಲಿ. ಒಬ್ಬರು ಕಾಗದ ಮಾತ್ರ ನೋಡಬೇಕು. ಡಿಸ್ಚಾರ್ಜ್ ಚೀಟಿ ಬಂತಾ? ಮಗುವಿನ ತೂಕ, ಹುಟ್ಟಿದ ಸಮಯ ಬರೆದಿದ್ದಾರಾ? ಮೊದಲ ಮೂರು ಲಸಿಕೆ ತಾಯಿ ಕಾರ್ಡಿನಲ್ಲಿ ಬಂದಿದೆಯಾ? ಮತ್ತೆ ಯಾವತ್ತು ಬರಬೇಕು?

ಮುಖ್ಯವಾಗಿ, ಜನನ ನೋಂದಣಿಗೆ ಆಸ್ಪತ್ರೆಯವರು ಬರೆದುಕೊಳ್ಳುವ ಫಾರಂನಲ್ಲಿ ತಂದೆ ತಾಯಿಯ ಹೆಸರು ಆಧಾರಿನಲ್ಲಿರುವ ಹಾಗೇ ಇದೆಯಾ ಅಂತ ಅಕ್ಷರ ಅಕ್ಷರ ನೋಡಿ. ಕನ್ನಡದಲ್ಲೂ ನೋಡಿ, ಇಂಗ್ಲಿಷಿನಲ್ಲೂ ನೋಡಿ. ಇನಿಷಿಯಲ್ ಬಿಡಬೇಡಿ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ವಿವರವನ್ನು ಅವರೇ ಕಳಿಸುತ್ತಾರೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ ಎಲ್ಲದಕ್ಕೂ ಹುಟ್ಟಿದ ದಿನ, ಜಾಗದ ಆಧಾರ ಜನನ ಪ್ರಮಾಣಪತ್ರವೇ. ಇಲ್ಲಿ ತಪ್ಪಿದ ಒಂದು ಅಕ್ಷರ ಸರಿ ಮಾಡಿಸಲು ಆಮೇಲೆ ಎಷ್ಟು ಕಚೇರಿ ಅಲೆಯಬೇಕೋ. ಮಗುವಿನ ಹೆಸರು ಇನ್ನೂ ಇಟ್ಟಿಲ್ಲ ಅಂತ ಚಿಂತೆ ಬೇಡ, ಅದನ್ನು ನಾಮಕರಣ ಆದ ಮೇಲೆ ಸೇರಿಸಬಹುದು.

ಸರ್ಕಾರಿ ಆಸ್ಪತ್ರೆಯಲ್ಲಿ ತಾಯಿ ಮಗುವನ್ನು ಮನೆಗೆ ಬಿಡಲು ನಗು-ಮಗು ವಾಹನ ಇದೆಯಾ ಅಂತ ಹಿಂದಿನ ದಿನವೇ ಕೇಳಿ. ಹೊರಡುವ ಮುಂಚೆ ಹಾಸಿಗೆಯ ಕೆಳಗೆ, ಕಿಟಕಿಯ ಹಗ್ಗದ ಮೇಲೆ, ಪ್ಲಗ್ಗಿನಲ್ಲಿ ಕಣ್ಣಾಡಿಸಿ. ಕುಲಾವಿ ಮತ್ತು ಚಾರ್ಜರ್ ಅಲ್ಲೇ ಉಳಿಯುತ್ತವೆ.

ಮನೆಗೆ ಬಂದ ಮೇಲೆ ಫೈಲನ್ನು ಬೀರುವಿನ ಒಳಗೆ ಸೇರಿಸಬೇಡಿ, ಕೈಗೆ ಸಿಗುವ ಗೂಡಿನಲ್ಲಿಡಿ. ಒಂದೂವರೆ ತಿಂಗಳಿಗೆ ಮುಂದಿನ ಲಸಿಕೆ. ಆವತ್ತೂ ತಾಯಿ ಕಾರ್ಡ್ ಬೇಕು.